ಪ್ರೀತಿಯೊಂದಿದ್ದರೆ ಸಾಕೆ?

ಬುದ್ಧಿಯ ಬೆಳವಣಿಗೆ ನಿಧಾನವಾದ ಮಕ್ಕಳಿಗೆ ಪಾಠ ಹೇಳಲು ಬೇಕಾದದ್ದು ತಾಯಿಯಂಥ ಮನಸ್ಸು, ಡಿಗ್ರಿಯಲ್ಲ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಕೇಳೋದಕ್ಕೆ ಚೆನ್ನಾಗಿಯೇ ಇದೆ. ನನ್ನ ತಂಗಿಯ ಮಗಳು ಎಂ.ಎ. ಮುಗಿಸಿ, ವಿಶೇಷ ಶಿಕ್ಷಣದಲ್ಲಿ ಬಿ.ಎಡ್. ಮಾಡುತ್ತೇನೆಂದು ಸಿಕಂದರಾಬಾದಿನ ನಮ್ಮ ಮನೆಗೆ ಬಂದಾಗ ನೆಂಟರೆಲ್ಲ ಹೇಳಿದ್ದೂ ಇದನ್ನೇ. "ಅದಕ್ಕೆ ಎರಡು ವರ್ಷ ಓದಬೇಕಾ? ಪ್ರೀತಿ ಇದ್ರೆ ಸಾಲ್ದಾ?"

ನಾನು ಬ್ಯಾಂಕಿನವನು, ಓದಿದ್ದು ಎಂ.ಕಾಂ. ಹಾಗಾಗಿ ನನಗೆ ತಿಳಿದ ಲೆಕ್ಕದಲ್ಲೇ ಯೋಚಿಸುತ್ತೇನೆ. ಓದುಬರಹ ಬಲ್ಲ ಗ್ರಾಹಕ ಪಾಸ್‌ಬುಕ್ಕಿನಲ್ಲಿ ಐವತ್ತು ರೂಪಾಯಿ ವ್ಯತ್ಯಾಸ ಬಂದರೂ ಕೌಂಟರಿಗೆ ಬಂದು ಕೂಗಾಡುತ್ತಾನೆ. ಹೆಬ್ಬೆಟ್ಟು ಒತ್ತುವ ಅಜ್ಜಿ ಕೂಗಾಡುವುದಿಲ್ಲ. ನಾವು ಬರೆದದ್ದೇ ಅವಳಿಗೆ ಲೆಕ್ಕ. ಅದಕ್ಕೇ ಅವಳ ಖಾತೆಗೆ ನಿಯಮ ಜಾಸ್ತಿ: ಖುದ್ದಾಗಿ ಬರಬೇಕು, ಫೋಟೊ ಇರಬೇಕು, ಅಧಿಕಾರಿಯ ಎದುರಲ್ಲೇ ಹೆಬ್ಬೆಟ್ಟು ಒತ್ತಬೇಕು. ತಪ್ಪನ್ನು ಕಂಡುಹಿಡಿಯಲಾರದವರ ಮುಂದೆ ಕೂತವನ ಹೊಣೆ ದೊಡ್ಡದು. "ಪಾಪ, ಅಜ್ಜಿ" ಎಂದು ಕನಿಕರಪಟ್ಟ ಮಾತ್ರಕ್ಕೆ ಲೆಕ್ಕ ಸರಿಯಾಗುವುದಿಲ್ಲ.

ಈ ಮಕ್ಕಳ ವಿಷಯವೂ ಹಾಗೇ. ಸಾಮಾನ್ಯ ಶಾಲೆಯ ಹುಡುಗ "ಮೇಷ್ಟ್ರು ಹೇಳಿದ್ದು ಅರ್ಥ ಆಗ್ಲಿಲ್ಲ" ಎಂದು ಮನೆಗೆ ಬಂದು ದೂರುತ್ತಾನೆ. ಮಾತೇ ಬಾರದ ಮಗು ದೂರುವುದು ಹೇಗೆ? ಅಲ್ಲಿ ಕಲಿಸುವವರು ಸೋತರೆ ಆ ಸೋಲು ಮಗುವಿನ ಹೆಸರಿಗೇ ಖರ್ಚು ಬೀಳುತ್ತದೆ. "ಅವನಿಗೆ ಬರಲ್ಲ ಬಿಡಿ" ಅಂತ.

ಹಾಗಾದರೆ ಎರಡು ವರ್ಷ ಕಲಿಯೋದು ಏನನ್ನು? ನನ್ನ ಸೊಸೆ ಒಂದು ದಿನ ಅಂಗಿ ಗುಂಡಿಯ ಉದಾಹರಣೆ ಕೊಟ್ಟಳು. ನಮಗದು ಒಂದೇ ಕೆಲಸ. ಅವಳು ಅದನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು ಕಾಗದದ ಮೇಲೆ ಬರೆಯುತ್ತಾಳೆ. ಕೆಲವು ಸಲ ಕೊನೆಯ ಹೆಜ್ಜೆಯಿಂದ ಶುರುಮಾಡುತ್ತಾರೆ. ಗುಂಡಿಯನ್ನು ಅರ್ಧ ತೂರಿಸಿ, ಎಳೆಯುವುದನ್ನು ಮಾತ್ರ ಮಗುವಿಗೆ ಬಿಡುವುದು. ಕೆಲಸ ಮುಗಿಸಿದ ಖುಷಿ ಮಗುವಿನದೇ ಆಗುತ್ತದೆ. ಅದು ಕೂತ ಮೇಲೆ ಅದರ ಹಿಂದಿನ ಹೆಜ್ಜೆ. ಒಬ್ಬೊಬ್ಬ ಮಗುವಿಗೂ ಬೇರೆ ಬೇರೆ ಯೋಜನೆ, ಬೇರೆ ಬೇರೆ ದಾಖಲೆ. ಬರೀ ಪ್ರೀತಿ ಏನು ಮಾಡುತ್ತದೆ ಗೊತ್ತೇ? ತಾನೇ ಗುಂಡಿ ಹಾಕಿಬಿಡುತ್ತದೆ! ಮಗುವಿಗೆ ಇಪ್ಪತ್ತು ವರ್ಷವಾದರೂ ಹಾಕುತ್ತಲೇ ಇರುತ್ತದೆ.

ಪರಊರಿನಲ್ಲಿರುವ ನಮ್ಮಂಥವರಿಗೆ ಇನ್ನೊಂದು ಮಾತಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು. ನಮ್ಮ ಪರಿಚಯದ ಒಂದು ಕುಟುಂಬಕ್ಕೆ ಶಾಲೆಯೊಂದರಲ್ಲಿ "ಮನೇಲಿ ಕನ್ನಡ ನಿಲ್ಲಿಸಿ, ಮಗು ಗೊಂದಲಕ್ಕೆ ಬೀಳುತ್ತೆ" ಎಂದರಂತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಎರಡು ಭಾಷೆಯ ಮನೆಯಲ್ಲಿ ಬೆಳೆದದ್ದರಿಂದ ಇಂಥ ಮಕ್ಕಳ ಮಾತು ಇನ್ನಷ್ಟು ಹಿಂದೆ ಬೀಳುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಸರಿಯಾಗಿ ಕಲಿತ ಶಿಕ್ಷಕಿ ತಾಯಿಯನ್ನು ಕರೆದು, "ನಿಮ್ಮನೇಲಿ ನೀರಿಗೆ ಏನಂತೀರಿ?" ಎಂದು ಕೇಳಿ ಬರೆದುಕೊಳ್ಳುತ್ತಾಳೆ. ಊರಲ್ಲಾದರೆ ಅಜ್ಜಿ, ಅತ್ತೆ, ಪಕ್ಕದ ಮನೆಯವರು ಇರುತ್ತಿದ್ದರು. ಇಲ್ಲಿ ಗಂಡ ಹೆಂಡತಿ ಇಬ್ಬರೇ. ಅಜ್ಞಾನದಿಂದ ಬಂದ ಒಂದು ಸಲಹೆ ಆ ಮಗುವಿನಿಂದ ಅಮ್ಮನ ಮಾತನ್ನೇ ಕಿತ್ತುಕೊಳ್ಳಬಹುದು.

ಸರ್ಟಿಫಿಕೇಟು ಇದ್ದವರೆಲ್ಲ ಒಳ್ಳೆಯ ಶಿಕ್ಷಕರೇ? ಖಂಡಿತ ಅಲ್ಲ. ತರಬೇತಿಯೇ ಇಲ್ಲದ ಎಷ್ಟೋ ತಾಯಂದಿರು ಮಗುವನ್ನು ವರ್ಷಗಟ್ಟಲೆ ನೋಡಿ ನೋಡಿ ಕಲಿತು, ಕಲಿಸಿದ್ದಾರೆ. ಅವರು ನಮಸ್ಕಾರಕ್ಕೆ ಅರ್ಹರು. ಆದರೆ ಹಾಗೆ ಗಮನಿಸಿ ಕಲಿಯುವುದೂ ಒಂದು ಓದೇ. ಅಷ್ಟು ವರ್ಷ ಪ್ರತಿಯೊಂದು ಮಗುವೂ ಕಾಯಬೇಕೇ ಎನ್ನುವುದು ಪ್ರಶ್ನೆ. ಪ್ರೀತಿ ಇದ್ದವರು ಓದಲಿ ಎನ್ನುವುದಷ್ಟೇ ನನ್ನ ವಾದ.

ಕಾನೂನೂ ಇದನ್ನು ಒಪ್ಪಿದೆ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯ ಪ್ರಕಾರ ವಿಶೇಷ ಶಿಕ್ಷಕರು ಕೇಂದ್ರದ ರಿಜಿಸ್ಟರಿನಲ್ಲಿ ಹೆಸರು ನೋಂದಾಯಿಸಬೇಕು. 1995ರ ಅಂಗವಿಕಲರ ಕಾಯಿದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. 2016ರ ಕಾಯಿದೆಯಲ್ಲಿ ಅವು 21 ಆದವು. ಸಾಮಾನ್ಯ ಶಾಲೆಗಳಲ್ಲೂ ಇಂಥ ಹತ್ತು ಮಕ್ಕಳಿಗೆ ಪ್ರಾಥಮಿಕದಲ್ಲಿ ಒಬ್ಬರು, ಮೇಲಿನ ತರಗತಿಗಳಲ್ಲಿ ಹದಿನೈದಕ್ಕೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿತು. 2025ರಲ್ಲಿ ಹುದ್ದೆಗಳನ್ನು ಮಂಜೂರು ಮಾಡಿ ಪ್ರಕಟಿಸಿ ಎಂದು ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ನಮ್ಮ ಸಿಕಂದರಾಬಾದಿನಲ್ಲೇ 1984ರಿಂದ ಬೌದ್ಧಿಕ ವೈಕಲ್ಯದ ರಾಷ್ಟ್ರೀಯ ಸಂಸ್ಥೆ ಇದೆ. ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ ಅದಕ್ಕೂ ಹಳೆಯದು. ಕಲಿಯಲು ಜಾಗವಿದೆ ಎಂದಾಯಿತು.

ಇಲ್ಲದಿರುವುದು ನಮ್ಮ ಗೌರವ. ಹುಟ್ಟುಹಬ್ಬಕ್ಕೋ ತಿಥಿಗೋ ನಾವು ಇಂಥ ಶಾಲೆಗೆ ಹೋಗಿ ಒಂದು ಹೊತ್ತಿನ ಊಟ ಕೊಟ್ಟು, ಫೋಟೊ ತೆಗೆಸಿಕೊಂಡು ಬರುತ್ತೇವೆ. ಅದು ಬೇಡವೆಂದಲ್ಲ. ಮುಂದಿನ ಸಲ ಹೋದಾಗ ಇನ್ನೆರಡು ಪ್ರಶ್ನೆ ಕೇಳಿ: ಇಲ್ಲಿನ ಟೀಚರುಗಳು ಏನು ಓದಿದ್ದಾರೆ? ಅವರಿಗೆ ತಿಂಗಳಿಗೆ ಎಷ್ಟು ಕೊಡುತ್ತೀರಿ?