ಸುಖಕಾಲದಲ್ಲಿ ದೇವರಿಗೆ ನಂಬಿಗಸ್ತರಾಗಿರುವ ವಿಷಯ

ವಿಶ್ವಾಸವು ಕಷ್ಟಕಾಲದಲ್ಲಿ ಶೋಧಿಸಲ್ಪಡುತ್ತದೆಂಬ ಮಾತು ನಮ್ಮ ಸಭೆಗಳಲ್ಲಿ ಚಿಕ್ಕ ಮಕ್ಕಳಿಗೂ ತಿಳಿದದ್ದೇ. ರೋಗ, ಬರ, ಸಾಲ, ಬಂಧುಗಳ ತಿರಸ್ಕಾರ, ಇವುಗಳಲ್ಲಿ ಸ್ಥಿರವಾಗಿ ನಿಲ್ಲುವದಕ್ಕೆ ನಾವು ಒಬ್ಬರನ್ನೊಬ್ಬರು ಧೈರ್ಯಪಡಿಸುತ್ತೇವೆ. ಆದರೆ ಸುಖಕಾಲವೂ ಒಂದು ಶೋಧನೆಯೆಂಬದನ್ನು ನಾವು ಅಷ್ಟಾಗಿ ಆಲೋಚಿಸುವದಿಲ್ಲ. ಮಳೆಯು ಹೊತ್ತಿಗೆ ಸರಿಯಾಗಿ ಬಂದು, ರಾಶಿಯು ಕಣದಿಂದ ಮನೆಗೆ ಸೇರಿ, ಯಾರೂ ಹಾಸಿಗೆ ಹಿಡಿಯದೆ, ಸಾಲ ಕೊಟ್ಟವನು ಬಾಗಿಲಿಗೆ ಬಾರದೆ, ಮಗನು ಪಟ್ಟಣದಲ್ಲಿ ಸಂಬಳಕ್ಕೆ ಸೇರಿ, ಮಗಳು ಒಳ್ಳೇ ಮನೆಯನ್ನು ಸೇರಿರುವ ದಿವಸಗಳಲ್ಲಿ ನಮ್ಮ ಪ್ರಾರ್ಥನೆಯ ಗತಿ ಏನು? ಆ ದಿವಸಗಳಲ್ಲಿ ನಮ್ಮ ಭಕ್ತಿಯು ತಣ್ಣಗಾಗುವದಾದರೆ, ಮೊದಲು ನಮ್ಮಲ್ಲಿದ್ದದ್ದು ಭಕ್ತಿಯೋ, ಇಲ್ಲವೆ ಬರೀ ಕೊರತೆಯ ಕೂಗೋ? ಈ ಪ್ರಶ್ನೆಯನ್ನು ಈ ತಿಂಗಳು ನಾವು ಕೂಡಿ ವಿಚಾರಿಸೋಣ.

‘ಸಂಕಟ ಬಂದಾಗ ವೆಂಕಟರಮಣ’ ಎಂಬ ಗಾದೆಯು ನಮ್ಮ ನಾಡಿನಲ್ಲಿ ಎಲ್ಲರ ಬಾಯಲ್ಲಿದೆ. ಇದನ್ನು ಕಟ್ಟಿದವರು ತಮ್ಮವರ ಭಕ್ತಿಯನ್ನೇ ನೋಡಿ ನಕ್ಕು, ಆ ನಗೆಯಲ್ಲಿ ಒಂದು ಸತ್ಯವನ್ನು ಹೇಳಿದ್ದಾರೆ. ಇದನ್ನು ನೆರೆಯವರ ಮೇಲೆ ಹೊರಿಸಿ ಸುಮ್ಮನಿರುವದು ನಮಗೆ ಸುಲಭ. ಆದರೆ ಕರೆಯುವ ಹೆಸರು ಬೇರೆಯಾದ ಮಾತ್ರಕ್ಕೆ ಗಾದೆಯು ನಮ್ಮ ಬೆನ್ನು ಬಿಡುವದಿಲ್ಲ. ನಮ್ಮ ಕರ್ತನು ಸಮಾರ್ಯ ಗಲಿಲಾಯಗಳ ಮೇರೆಯಲ್ಲಿ ನಡೆಯುತ್ತಿರುವಾಗ ಹತ್ತು ಮಂದಿ ಕುಷ್ಠರೋಗಿಗಳು ದೂರ ನಿಂತು ಕೂಗಿದರಷ್ಟೆ. ಕೂಗುವದರಲ್ಲಿ ಹತ್ತು ಮಂದಿಯೂ ಸಮಾನರೇ. ಯಾಕಂದರೆ ರೋಗವು ಹತ್ತು ಮಂದಿಗೂ ಪ್ರಾರ್ಥನೆಯನ್ನು ಕಲಿಸಿತ್ತು. ಮೈ ಶುದ್ಧವಾದ ಮೇಲೆ ಹಿಂದಿರುಗಿ ಬಂದವನು ಒಬ್ಬನೇ, ಅವನೂ ಅನ್ಯನೆಂದು ಎಣಿಸಲ್ಪಟ್ಟ ಸಮಾರ್ಯದವನು. ರೋಗವಿರುವಾಗ ಯಾರಿಗೆ ಪ್ರೀತಿ ಇದೆ, ಯಾರಿಗೆ ಇಲ್ಲ ಎಂದು ತಿಳಿಯುವದಕ್ಕೆ ಆಗಲಿಲ್ಲ. ಸ್ವಸ್ಥತೆಯೇ ಅದನ್ನು ಬೇರ್ಪಡಿಸಿ ತೋರಿಸಿತು. ನಮ್ಮ ವಿಷಯದ ಸಾರವು ಇದೇ. ಕಷ್ಟದಲ್ಲಿ ನಮ್ಮ ಅವಶ್ಯಕತೆಯೇ ನಮ್ಮನ್ನು ಮೊಣಕಾಲೂರಿಸುತ್ತದೆ. ಸುಖದಲ್ಲಿ ಪ್ರೀತಿಯೊಂದನ್ನು ಬಿಟ್ಟು ಬೇರೆ ಯಾವದೂ ನಮ್ಮನ್ನು ಮೊಣಕಾಲೂರಿಸಲಾರದು.

ಇದಕ್ಕೆ ಪರಿಶುದ್ಧ ಗ್ರಂಥದಲ್ಲಿ ಯೆಹೂದದ ಅರಸನಾದ ಆಸನ ಚರಿತ್ರೆಗಿಂತ ಸ್ಪಷ್ಟವಾದ ದೃಷ್ಟಾಂತವನ್ನು ನಾವು ಕಾಣೆವು. ಪೂರ್ವಕಾಲವೃತ್ತಾಂತದ ಎರಡನೆಯ ಪುಸ್ತಕದ 14, 15, 16ನೇ ಅಧ್ಯಾಯಗಳನ್ನು ಮನೆಯವರೆಲ್ಲರೂ ಕೂಡಿ ಓದಬೇಕೆಂದು ಬಿನ್ನವಿಸುತ್ತೇವೆ.

ಆಸನ ಆಳಿಕೆಯ ಆರಂಭದಲ್ಲಿ ದೇಶಕ್ಕೆ ಹತ್ತು ವರುಷ ಸಮಾಧಾನವಿತ್ತು. ಆ ಹತ್ತು ವರುಷಗಳಲ್ಲಿ ಅವನು ಸುಮ್ಮನೆ ಕೂತುಕೊಳ್ಳಲಿಲ್ಲ. ಅನ್ಯದೇವತೆಗಳ ಬಲಿಪೀಠಗಳನ್ನು ತೆಗೆಸಿಬಿಟ್ಟನು. ಯೆಹೋವನನ್ನು ಆಶ್ರಯಿಸಬೇಕೆಂದು ಪ್ರಜೆಗಳಿಗೆ ಆಜ್ಞಾಪಿಸಿದನು. ದೇಶವು ಶಾಂತವಾಗಿರುವಾಗಲೇ ಪಟ್ಟಣಗಳಿಗೆ ಗೋಡೆ, ಬುರುಜು, ಬಾಗಿಲು, ಅಗುಳಿಗಳನ್ನು ಮಾಡಿಸಿದನು. ಬುದ್ಧಿವಂತನಾದ ರೈತನು ಕೆರೆಯ ಏರಿಯನ್ನು ಬೇಸಿಗೆಯಲ್ಲಿ ಭದ್ರಪಡಿಸುತ್ತಾನೆ; ನೀರು ತುಂಬಿ ಹರಿಯುವಾಗ ಮಣ್ಣು ಹೊರುವವನ ಪ್ರಯಾಸವು ವ್ಯರ್ಥ. ಆಸನೂ ಹಾಗೆಯೇ ಮಾಡಿದನು. ಆದಕಾರಣ ಕೂಷ್ಯನಾದ ಜೆರಹನು ಹತ್ತು ಲಕ್ಷ ಮಂದಿಯನ್ನೂ ಮುನ್ನೂರು ರಥಗಳನ್ನೂ ತೆಗೆದುಕೊಂಡು ಮಾರೇಷದ ವರೆಗೆ ಬಂದಾಗ, ಯೆಹೂದದ ಮೂರು ಲಕ್ಷ ಮತ್ತು ಬೆನ್ಯಾಮೀನನ ಎರಡು ಲಕ್ಷ ಎಂಭತ್ತು ಸಾವಿರ ಮಂದಿಯೊಂದಿಗೆ ಹೊರಟ ಆಸನು ಮೊದಲು ದೇವರಿಗೆ ಮೊರೆಯಿಟ್ಟನು. ಬಲಿಷ್ಠರಿಗೂ ಬಲಹೀನರಿಗೂ ನಡುವೆ ಸಹಾಯ ಮಾಡಬಲ್ಲವನು ಕರ್ತನೊಬ್ಬನೇ ಎಂದು ಒಪ್ಪಿ, ಆತನ ಹೆಸರಿನ ಮೇಲೆ ಭಾರವನ್ನು ಹಾಕಿದನು. ದೇವರು ಅವನಿಗೆ ಜಯವನ್ನು ಕೊಟ್ಟನು. ಅವನ ಆಳಿಕೆಯ ಹದಿನೈದನೇ ವರುಷದಲ್ಲಿ ಜನರು ಯೆರೂಸಲೇಮಿನಲ್ಲಿ ಕೂಡಿ, 700 ಎತ್ತುಗಳನ್ನೂ 7000 ಕುರಿಗಳನ್ನೂ ಅರ್ಪಿಸಿ, ಪೂರ್ಣಹೃದಯದಿಂದ ದೇವರನ್ನು ಹುಡುಕುವೆವೆಂದು ಒಡಂಬಡಿಕೆ ಮಾಡಿಕೊಂಡರು.

ಆ ಮೇಲೆ ಗ್ರಂಥದ ಲೆಕ್ಕದ ಪ್ರಕಾರ ಮೂವತ್ತೈದನೇ ವರುಷದ ವರೆಗೆ ಯುದ್ಧವಿರಲಿಲ್ಲ. ಅಂದರೆ ಸುಮಾರು ಇಪ್ಪತ್ತು ವರುಷ ಸಮಾಧಾನ. ಆ ಇಪ್ಪತ್ತು ವರುಷಗಳ ವಿಷಯದಲ್ಲಿ ಗ್ರಂಥವು ಏನೂ ಹೇಳುವದಿಲ್ಲ. ಆಸನು ವಿಗ್ರಹಗಳ ಕಡೆಗೆ ತಿರುಗಿದನೆಂದಾಗಲಿ, ದೇವಾಲಯದ ಆರಾಧನೆಯನ್ನು ನಿಲ್ಲಿಸಿದನೆಂದಾಗಲಿ ಅಲ್ಲಿ ಬರೆದಿಲ್ಲ. ಹೊರಗಿನಿಂದ ನೋಡುವವರಿಗೆ ಎಲ್ಲವೂ ಮೊದಲಿನಂತೆಯೇ ಇದ್ದಿರಬೇಕು. ಹಗೇವಿನಲ್ಲಿ ತುಂಬಿದ ಜೋಳಕ್ಕೆ ಒಳಗೆ ತೇವ ಹತ್ತಿದರೆ ಮೇಲಿನಿಂದ ಯಾರಿಗೂ ಕಾಣಿಸುವದಿಲ್ಲ. ಬಾಯಿ ತೆಗೆದ ದಿವಸವೇ ಅದು ಬೆಳಕಿಗೆ ಬರುವದು. ಆಸನ ಹಗೇವಿನ ಬಾಯಿ ತೆಗೆಯುವ ದಿವಸವೂ ಬಂತು. ಇಸ್ರಾಯೇಲಿನ ಅರಸನಾದ ಬಾಷನು ಯೆಹೂದದವರ ಹೋಗುಬರುವಿಕೆಯನ್ನು ತಡೆಯುವದಕ್ಕೆ ರಾಮ ಎಂಬ ಊರನ್ನು ಕಟ್ಟಿಸತೊಡಗಿದನು. ಇದು ಜೆರಹನ ಹತ್ತು ಲಕ್ಷದ ದಂಡಿನಂಥ ಆಪತ್ತಲ್ಲ. ನೆರೆಯ ಅರಸನೊಬ್ಬನ ಉಪದ್ರವ. ಆದರೂ ಈ ಸಾರಿ ಆಸನ ಬಾಯಿಂದ ಪ್ರಾರ್ಥನೆ ಹೊರಡಲಿಲ್ಲ. ಅವನ ಕೈ ನೆಟ್ಟಗೆ ಭಂಡಾರಕ್ಕೆ ಹೋಯಿತು. ಯೆಹೋವನ ಆಲಯದಲ್ಲಿಯೂ ಅರಮನೆಯಲ್ಲಿಯೂ ಇದ್ದ ಬೆಳ್ಳಿಬಂಗಾರವನ್ನು ತೆಗೆದು ದಮಸ್ಕದ ಬೆನ್ಹದದನಿಗೆ ಕಳುಹಿಸಿ ಅವನ ಸಹಾಯವನ್ನು ಕೊಂಡುಕೊಂಡನು. ದೊಡ್ಡ ಶತ್ರುವಿನ ಮುಂದೆ ದೇವರನ್ನು ನಂಬಿದವನು ಚಿಕ್ಕ ಶತ್ರುವಿನ ಮುಂದೆ ಹಣವನ್ನು ನಂಬಿದನು. ಮೊದಲು ಅವನು ಬಲಹೀನನೆಂದು ಅವನಿಗೆ ಗೊತ್ತಿತ್ತು. ಈಗ ಭಂಡಾರವು ತುಂಬಿತ್ತು.

ಇದಕ್ಕಿಂತಲೂ ಗಂಭೀರವಾದ ಸಂಗತಿಯೊಂದು ಇಲ್ಲಿದೆ. ಆಸನ ಉಪಾಯವು ಫಲಿಸಿತು. ಬೆನ್ಹದದನ ದಂಡು ಇಸ್ರಾಯೇಲಿನ ಪಟ್ಟಣಗಳ ಮೇಲೆ ಬಿತ್ತು. ಬಾಷನು ಕೆಲಸ ನಿಲ್ಲಿಸಿದನು. ಆಸನು ರಾಮದ ಕಲ್ಲುಮರಗಳನ್ನೇ ಹೊರಿಸಿ ತಂದು ಗೆಬವನ್ನೂ ಮಿಚ್ಪವನ್ನೂ ಕಟ್ಟಿಸಿದನು. ಅವಿಶ್ವಾಸದಿಂದ ಮಾಡಿದ ಕಾರ್ಯವು ಕೂಡಲೆ ಕೆಟ್ಟುಹೋದರೆ ಮನುಷ್ಯನು ಎಚ್ಚತ್ತುಕೊಂಡಾನು. ಅದು ಸಫಲವಾದರೆ ಅದನ್ನೇ ದೇವರ ಆಶೀರ್ವಾದವೆಂದು ಎಣಿಸಿ ಮತ್ತೂ ಆಳವಾಗಿ ನಿದ್ರೆಹೋಗುವನು. ನಮ್ಮ ಕೈಗೂಡಿದ ಕೆಲಸಗಳೆಲ್ಲವೂ ದೇವರು ಮೆಚ್ಚಿದ ಕೆಲಸಗಳೆಂದು ತಿಳಿಯುವದು ಸುಖಕಾಲದ ದೊಡ್ಡ ಮೋಸ. ಸುಳ್ಳು ದಸ್ತೈವಜಿನಿಂದ ಗೆದ್ದ ಹೊಲದಲ್ಲಿಯೂ ಜೋಳ ಬೆಳೆಯುತ್ತದೆ. ಆ ಬೆಳೆಯು ದಸ್ತೈವಜನ್ನು ನಿಜಮಾಡಲಾರದು.

ಆಗ ದರ್ಶಿಯಾದ ಹನಾನಿಯು ಬಂದು, ಜೆರಹನ ದಿವಸವನ್ನು ನೆನಪಿಗೆ ತಂದು, ಅರಸನನ್ನು ಗದರಿಸಿದನು. ಆಸನು ಕೇಳಲಿಲ್ಲ, ಕೋಪಗೊಂಡು ಅವನನ್ನು ಸೆರೆಯಲ್ಲಿ ಹಾಕಿಸಿದನು, ಅದೇ ಕಾಲದಲ್ಲಿ ಪ್ರಜೆಗಳಲ್ಲಿ ಕೆಲವರನ್ನು ಪೀಡಿಸಿದನು. ದೇವರಿಗೆ ವಿಮುಖನಾದವನು ದೇವರ ಸೇವಕನ ಮೇಲೆಯೂ ಬಡವರ ಮೇಲೆಯೂ ಕಠಿಣನಾಗುವದನ್ನು ನೋಡಿರಿ. ಮೂವತ್ತೊಂಭತ್ತನೇ ವರುಷದಲ್ಲಿ ಅವನ ಕಾಲುಗಳಿಗೆ ಘೋರವಾದ ರೋಗ ಹತ್ತಿತು. ಆಗಲೂ ಅವನು ದೇವರನ್ನು ಹುಡುಕದೆ ವೈದ್ಯರನ್ನೇ ಹುಡುಕಿದನು. ಇದರಿಂದ ಔಷಧ ತೆಗೆದುಕೊಳ್ಳುವದು ಪಾಪವೆಂದು ಯಾರೂ ತಿಳಿಯಬಾರದು. ಪೌಲನ ಪ್ರಿಯ ಸಂಗಡಿಗನಾದ ಲೂಕನು ವೈದ್ಯನೇ ಆಗಿದ್ದನು. ವೈದ್ಯರನ್ನು ಕರೆದದ್ದು ಆಸನ ತಪ್ಪಲ್ಲ, ವೈದ್ಯರನ್ನು ಮಾತ್ರ ಕರೆದದ್ದೇ ತಪ್ಪು. ಕಷ್ಟ ಬಂದರೆ ಹೇಗೂ ದೇವರ ಕಡೆಗೆ ತಿರುಗಿಕೊಂಡೇವು ಎಂದು ಅನೇಕರು ಧೈರ್ಯವಾಗಿದ್ದಾರೆ. ಆಸನು ಕಷ್ಟ ಬಂದರೂ ತಿರುಗಲಿಲ್ಲ. ಸುಖದಲ್ಲಿ ನಡೆಯದೆ ಬಿಟ್ಟ ಹಾದಿಯು ಹುಲ್ಲು ಬೆಳೆದು ಮುಚ್ಚಿಹೋಗುತ್ತದೆ; ಕತ್ತಲೆಯಲ್ಲಿ ಅದನ್ನು ಕಂಡುಹಿಡಿಯುವದು ಕಷ್ಟ.

ಸುಖವು ನಮ್ಮನ್ನು ಹೀಗೆ ಮಾಡುವದು ಯಾಕೆ? ಧರ್ಮೋಪದೇಶಕಾಂಡದ 11ನೇ ಅಧ್ಯಾಯದಲ್ಲಿ ಮೋಶೆಯು ಎರಡು ತರದ ಭೂಮಿಗಳನ್ನು ಹೋಲಿಸುತ್ತಾನೆ. ಐಗುಪ್ತದಲ್ಲಿ ಜನರು ಕಾಯಿಪಲ್ಯದ ತೋಟಕ್ಕೆ ಹಾಯಿಸುವಂತೆ ತಮ್ಮ ಪ್ರಯಾಸದಿಂದ ನೀರು ಹಾಯಿಸುತ್ತಿದ್ದರು. ಕಾನಾನಾದರೋ ಆಕಾಶದ ಮಳೆಯನ್ನು ಕುಡಿಯುವ ಬೆಟ್ಟತಗ್ಗುಗಳ ದೇಶ. ನಮ್ಮ ರೈತರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. 1876ರಿಂದ 1878ರ ವರೆಗಿನ ಮಹಾ ಕ್ಷಾಮದಲ್ಲಿ ಬಳ್ಳಾರಿ ಸೀಮೆಯ ಜನರು ಮೋಡಗಳಿಲ್ಲದ ಆಕಾಶವನ್ನು ನೋಡಿ ಗೋಳಾಡಿದರು. ಹೊಸಪೇಟೆಯ ಬಳಿಯಲ್ಲಿ ತುಂಗಭದ್ರೆಗೆ ಕಟ್ಟಿದ ಅಣೆಯಿಂದ 1953ರಲ್ಲಿ ಕಾಲುವೆಗೆ ನೀರು ಬಿಡಲಾಯಿತು. ಸಿರುಗುಪ್ಪ, ಗಂಗಾವತಿ, ಸಿಂಧನೂರುಗಳ ಕಡೆಯಲ್ಲಿ ಈಗ ಭತ್ತದ ಗದ್ದೆಗಳಿವೆ. ಇದು ದೇವರ ದೊಡ್ಡ ಉಪಕಾರ. ಕಾಲುವೆಯನ್ನು ತೋಡಿದ ಕೈಗಳಿಗಾಗಿಯೂ ನಾವು ಆತನನ್ನು ಸ್ತುತಿಸತಕ್ಕದ್ದು. ಆದರೆ ನೀರು ಬಿಡುವ ದಿವಸವು ಮುಂದಾಗಿ ಗೊತ್ತಾಗಿರುವ ಊರಿನಲ್ಲಿ ಕಣ್ಣು ತೂಬನ್ನು ನೋಡುವದಕ್ಕೆ ರೂಢಿಯಾಗುತ್ತದೆ, ಮೇಲಕ್ಕೆ ನೋಡುವದನ್ನು ಮರೆಯುತ್ತದೆ. ಆ ಅಣೆಗೂ ಮಳೆಯೇ ಬರಬೇಕೆಂಬದು ಬರಗಾಲದ ವರುಷದಲ್ಲಿ ಮಾತ್ರ ನೆನಪಾಗುತ್ತದೆ. ಇಸ್ರಾಯೇಲ್ಯರಿಗೂ ಹೀಗೆಯೇ ಆಯಿತು. ಅರಣ್ಯದಲ್ಲಿ ನಾಲ್ವತ್ತು ವರುಷ ಮನ್ನವು ಬಿದ್ದಾಗ ಕೊಟ್ಟವನು ಯಾರೆಂದು ಮಗುವಿಗೂ ತಿಳಿದಿತ್ತು. ಗಿಲ್ಗಾಲಿನಲ್ಲಿ ದೇಶದ ಬೆಳೆಯನ್ನು ಉಂಡ ಮಾರನೆಯ ದಿವಸದಲ್ಲಿ ಮನ್ನವು ನಿಂತುಹೋಯಿತು. ದೇವರು ಕೊಡುವದನ್ನು ನಿಲ್ಲಿಸಲಿಲ್ಲ, ಕೊಡುವ ರೀತಿಯನ್ನು ಬದಲಿಸಿದನು; ಅಂದಿನಿಂದ ಆತನ ಕೈಯು ನೇಗಿಲು ಕುಡುಗೋಲುಗಳ ಹಿಂದೆ ಇತ್ತು. ಹಿಂದಿರುವ ಆ ಕೈಯನ್ನು ಕಾಣುವದೇ ಸುಖಕಾಲದ ವಿಶ್ವಾಸ.

ಹಾಗಾದರೆ ದೇವರು ನಮ್ಮ ಸುಖವನ್ನು ಸಹಿಸುವದಿಲ್ಲವೋ, ಬಡತನದಲ್ಲಿಯೇ ಭಕ್ತಿ ಇರುವದೋ, ಎಂದು ಯಾರಾದರೂ ಕೇಳಬಹುದು. ಹಾಗಲ್ಲ. ಅಪೊಸ್ತಲರ ಕೃತ್ಯಗಳ 9ನೇ ಅಧ್ಯಾಯದಲ್ಲಿ, ಸೌಲನ ಮನಸ್ಸು ತಿರುಗಿದ ವೃತ್ತಾಂತದ ನಂತರ, ಯೂದಾಯ ಗಲಿಲಾಯ ಸಮಾರ್ಯಗಳ ಸಭೆಗೆ ಸಮಾಧಾನ ಉಂಟಾಯಿತೆಂದೂ, ಅದು ಕರ್ತನ ಭಯದಲ್ಲಿ ನಡೆಯುತ್ತಾ ಬೆಳೆಯಿತೆಂದೂ ಬರೆದಿದೆ. ಸಮಾಧಾನವು ಆ ಸಭೆಯನ್ನು ಮಲಗಿಸಲಿಲ್ಲ, ಬೆಳೆಯಿಸಿತು. ಯೋಬನ ತಾಳ್ಮೆಯನ್ನು ನಾವೆಲ್ಲರೂ ಹೊಗಳುತ್ತೇವೆ; ಆದರೆ 7000 ಕುರಿಗಳೂ 3000 ಒಂಟೆಗಳೂ ಕೊಟ್ಟಿಗೆಯಲ್ಲಿದ್ದಾಗ ಅವನು ಏನು ಮಾಡುತ್ತಿದ್ದನೆಂಬದನ್ನು ನೆನಸುವವರು ಕಡಿಮೆ. ಮಕ್ಕಳ ಔತಣದ ಸರದಿ ಮುಗಿದಾಗಲೆಲ್ಲಾ ಅವನು ಬೆಳಿಗ್ಗೆ ಎದ್ದು, ಒಬ್ಬೊಬ್ಬ ಮಗನ ಪರವಾಗಿ ಹೋಮವನ್ನು ಅರ್ಪಿಸುತ್ತಿದ್ದನು. ಹಬ್ಬದ ಮನೆಯಲ್ಲಿ ಎಚ್ಚರವಾಗಿದ್ದವನೇ ಬೂದಿಯಲ್ಲಿ ಕೂತಾಗಲೂ ನಿಂತುಕೊಂಡನು. ಲಾಭವಿಲ್ಲದೆ ಯೋಬನು ದೇವರಿಗೆ ಭಯಪಡುತ್ತಾನೋ ಎಂದು ಸೈತಾನನು ಕೇಳಿದ ಪ್ರಶ್ನೆಗೆ ಉತ್ತರವು ಆ ಬೆಳಗಿನ ಹೊತ್ತುಗಳಲ್ಲಿಯೇ ಸಿದ್ಧವಾಗುತ್ತಿತ್ತು.

ಆದದರಿಂದ ಸಮಾಧಾನದ ದಿವಸಗಳನ್ನು ಅನುಭವಿಸುತ್ತಿರುವ ಮನೆಗಳಿಗೆ ಮೂರು ಮಾತುಗಳನ್ನು ಹೇಳುತ್ತೇವೆ. ಮೊದಲನೆಯದು, ಜ್ಞಾಪಕ. ಇಸ್ರಾಯೇಲ್ಯನು ಪ್ರಥಮಫಲದ ಪುಟ್ಟಿಯನ್ನು ತರುವಾಗ ಸುಮ್ಮನೆ ಇಟ್ಟುಹೋಗದೆ, ತನ್ನ ಪಿತೃವು ನೆಲೆಯಿಲ್ಲದೆ ಅಲೆದವನೆಂದೂ ತನ್ನ ಜನರು ದಾಸರಾಗಿದ್ದರೆಂದೂ ಬಾಯಿಬಿಟ್ಟು ಅರಿಕೆಮಾಡಬೇಕಾಗಿತ್ತು. ನಮ್ಮ ಬೆಳೆಹಬ್ಬದಲ್ಲಿ ಜೋಳ, ಭತ್ತ, ಕುಂಬಳಕಾಯಿಗಳನ್ನು ತರುವವರೂ ತಮ್ಮ ಅಜ್ಜ ಅಜ್ಜಿಯರು ಎಂಥಾ ಸ್ಥಿತಿಯಿಂದ ಎತ್ತಲ್ಪಟ್ಟರೆಂಬದನ್ನು ಆ ದಿವಸ ಮಕ್ಕಳಿಗೆ ಹೇಳಲಿ. ಎರಡನೆಯದು, ಕ್ರಮ. ಅಳು ತಾನಾಗಿ ಬರುತ್ತದೆ, ಸ್ತೋತ್ರವು ತಾನಾಗಿ ಬರುವದಿಲ್ಲ. ಕಷ್ಟದಲ್ಲಿ ಎಷ್ಟು ಹೊತ್ತು ಪ್ರಾರ್ಥಿಸಿದೆವೋ ಅಷ್ಟೇ ಹೊತ್ತನ್ನು ಸುಖದಲ್ಲಿಯೂ ನೇಮಿಸಿಕೊಂಡು ನಡೆಯಬೇಕು. ಮೂರನೆಯದು, ಗದರಿಕೆಯನ್ನು ತಾಳುವದು. ಸಭೆಯಲ್ಲಿ ಒಬ್ಬನಿಗೆ ಹೊಲಮನೆಗಳು ಹೆಚ್ಚಿದಾಗ ಅವನಿಗೆ ಬುದ್ಧಿಹೇಳುವವರು ಕಡಿಮೆಯಾಗುತ್ತಾರೆ. ಉಪದೇಶಿಯು ಅವನ ಮುಂದೆ ಮೆಲ್ಲಗೆ ಮಾತಾಡುತ್ತಾನೆ. ಹಿರಿಯರು ನೋಡಿಯೂ ನೋಡದವರಂತಿರುತ್ತಾರೆ. ಅಂಥವನ ಮನೆಗೆ ಒಬ್ಬ ಹನಾನಿಯು ಬಂದರೆ, ಬಾಗಿಲು ಹಾಕದೆ ಚಾಪೆ ಹಾಸಲಿ. ಆಸನಿಗೆ ತಿರುಗಿಕೊಳ್ಳಲು ಸಿಕ್ಕಿದ ಬಾಗಿಲು ಆ ದರ್ಶಿಯೇ ಆಗಿದ್ದನು. ಅವನು ಅದಕ್ಕೆ ಬೀಗ ಹಾಕಿದನು.

ಪೌಲನು ಹಸಿವೆಯಲ್ಲಿರುವದನ್ನೂ ಸಮೃದ್ಧಿಯಲ್ಲಿರುವದನ್ನೂ ಎರಡನ್ನೂ ಕಲಿತುಕೊಂಡೆನೆಂದು ಫಿಲಿಪ್ಪಿಯವರಿಗೆ ಬರೆದನು. ಹಸಿವೆಯ ಪಾಠವನ್ನು ನಮ್ಮ ಹಿರಿಯರು ಕಣ್ಣೀರಿನೊಡನೆ ಕಲಿತರು. ಸಮೃದ್ಧಿಯ ಪಾಠವು ನಮ್ಮಲ್ಲಿ ಅನೇಕರಿಗೆ ಈಗಲೇ ಬಂದಿದೆ. ಕಣಜ ತುಂಬಿರುವ ಮನೆಯಲ್ಲಿ, ದೀಪ ಹಚ್ಚಿದ ಮೇಲೆ, ಏನನ್ನೂ ಬೇಡಿಕೊಳ್ಳಲಿಕ್ಕಿಲ್ಲದಿರುವಾಗಲೂ ಆತನ ಸನ್ನಿಧಿಯಲ್ಲಿ ಮೊಣಕಾಲೂರುವ ಮನಸ್ಸನ್ನು ಕರ್ತನು ನಮಗೆಲ್ಲರಿಗೂ ದಯಪಾಲಿಸಲಿ. ಆಮೆನ್.