ಹೇಳಬೇಡಿ ಎಂದವಳ ಮಾತು

ಹಾಸ್ಟೆಲಿನ ಹುಡುಗಿಯೊಬ್ಬಳಿಗೆ ತಿಂಗಳಿಂದ ನಿದ್ದೆಯಿಲ್ಲ, ಪುಸ್ತಕ ತೆರೆದರೆ ಅಕ್ಷರ ತಲೆಗೆ ಹತ್ತುವುದಿಲ್ಲ ಎಂದುಕೊಳ್ಳೋಣ. ಒಂದು ದಿನ ಧೈರ್ಯ ಮಾಡಿ ಅಧ್ಯಾಪಕಿಯ ಮುಂದೆ ಕುಳಿತು ಎಲ್ಲವನ್ನೂ ಹೇಳಿ, "ಮೇಡಂ, ಮನೆಯವರಿಗೆ ಮಾತ್ರ ಹೇಳಬೇಡಿ" ಎನ್ನುತ್ತಾಳೆ. ಅಧ್ಯಾಪಕಿ ಏನು ಮಾಡಬೇಕು?

ನಮ್ಮಲ್ಲಿ ಹೆಚ್ಚಿನವರ ಉತ್ತರ ಸಿದ್ಧವಾಗಿಯೇ ಇದೆ: ಹೆತ್ತವರಿಗೆ ತಿಳಿಸಬೇಕು. ಅವರಿಗಿಂತ ಹತ್ತಿರದವರು ಯಾರಿದ್ದಾರೆ? ಸರಿಯೇ. ಆದರೆ ಆ ಫೋನ್ ಹೋದ ಮೇಲೆ ಏನಾಗುತ್ತದೆ ಎಂಬುದನ್ನೂ ನಾವು ಬಲ್ಲೆವು. ಕೆಲವು ಮನೆಗಳಲ್ಲಿ ಅಬ್ಬಾ ಪಕ್ಕದಲ್ಲಿ ಕುಳಿತು ಕೇಳುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ಮರುದಿನವೇ ಬಂದು, "ಓದಿದ್ದು ಸಾಕು" ಎಂದು ಟ್ರಂಕು ಕಟ್ಟಿಸುತ್ತಾರೆ. ಒಂದು ತಾಯತ, ಆಮೇಲೆ ಹುಡುಗಿಗೆ ತಲೆ ಸರಿಯಿಲ್ಲವೆಂದು ಊರಿಗೆ ಗೊತ್ತಾಗುವ ಮೊದಲೇ ನಿಕಾಹ್ ಮುಗಿಸುವ ಆತುರ. ತಾಯತದ ಜಾಗದಲ್ಲಿ ಹರಕೆ, ನಿಕಾಹ್ ಜಾಗದಲ್ಲಿ ಮದುವೆ ಎಂದು ಓದಿಕೊಂಡರೆ ಈ ಕತೆ ಬೇರೆ ಮನೆಗಳಿಗೂ ಒಪ್ಪುತ್ತದೆ.

ಉರ್ದುವಿನಲ್ಲಿ ಅಮಾನತ್ ಎಂಬ ಪದವಿದೆ. ಒಬ್ಬರು ನಂಬಿ ನಮ್ಮಲ್ಲಿ ಇರಿಸಿದ್ದು ಎಂದರ್ಥ. (ನೌಕರರನ್ನು ಅಮಾನತು ಮಾಡಿದ ಸುದ್ದಿಗಳನ್ನು ಓದಿ ಓದಿ ಕನ್ನಡದಲ್ಲಿ ಆ ಅರ್ಥ ನಮಗೆ ಮಸುಕಾಗಿದೆ.) ಒಡವೆಯಷ್ಟೇ ಅಲ್ಲ, ನಂಬಿ ಹೇಳಿದ ಮಾತೂ ಅಮಾನತ್. ಕಾಯುವವರಿಗೆ ಅದನ್ನು ಖರ್ಚು ಮಾಡುವ ಹಕ್ಕಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೂಡ ಚಿಕಿತ್ಸೆ ಪಡೆಯುವವರ ಗೋಪ್ಯತೆಯನ್ನು ಹಕ್ಕೆಂದು ಒಪ್ಪಿದೆ; ಜೀವಕ್ಕೆ ಅಪಾಯವಿದ್ದರೆ ಮಾಹಿತಿ ತಿಳಿಸಲು ಅವಕಾಶವಿಟ್ಟಿದೆ.

ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತ ಸಮಾಲೋಚಕರಿರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈಯಲ್ಲಿ ಹೇಳಿತು. ಒಳ್ಳೆಯದೇ. ಆದರೆ ಇಂಟರ್ನಲ್ ಅಂಕ ಕೊಡುವ ಉಪನ್ಯಾಸಕರನ್ನೇ ಆ ಕುರ್ಚಿಯಲ್ಲಿ ಕೂರಿಸಿ, ಪ್ರಿನ್ಸಿಪಾಲರ ಚೇಂಬರಿನ ಪಕ್ಕದ ಕೋಣೆಗೆ ಬೋರ್ಡು ತೂಗುಹಾಕಿದರೆ ಯಾವ ಹುಡುಗಿ ಒಳಗೆ ಕಾಲಿಟ್ಟಾಳು? ವರ್ಷಕ್ಕೊಮ್ಮೆ ಬ್ಯಾನರ್ ಕಟ್ಟಿ ಭಾಷಣ ಮಾಡಿಸುವುದಕ್ಕೆ ಮಾತ್ರ ನಮ್ಮ ಕಾಲೇಜುಗಳಲ್ಲಿ ಉತ್ಸಾಹಕ್ಕೆ ಕೊರತೆಯಿಲ್ಲ.

ಹಾಗಾದರೆ ಸಾಯುವ ಮಾತಾಡಿದವಳ ಗುಟ್ಟನ್ನೂ ಕಾಯಬೇಕೆ? ಇಲ್ಲ. ಅಲ್ಲಿ ಮೌನವೇ ದ್ರೋಹ. ಅವಳನ್ನು ಒಂಟಿಯಾಗಿ ಬಿಡದೆ, ವೈದ್ಯರಿಗೆ ಕೂಡಲೇ ತಿಳಿಸಬೇಕು. ಆದರೆ ತಿಳಿಸುತ್ತೇವೆಂದು ಮೊದಲು ಅವಳಿಗೇ ಹೇಳಬೇಕು. "ಮನೆಯಲ್ಲಿ ಯಾರಿಗೆ ಹೇಳಿದರೆ ನಿನಗೆ ಹಿಂಸೆಯಾಗುವುದಿಲ್ಲ?" ಎಂದು ಕೇಳಿದರೆ ಅವಳು ಅಬ್ಬಾನ ಹೆಸರು ಬಿಟ್ಟು ಖಾಲಾಳ ಹೆಸರು ಹೇಳಬಹುದು. ಖಾಲಾಳಿಗೇ ಫೋನ್ ಮಾಡೋಣ, ಅವಳ ಎದುರಿನಲ್ಲೇ. ಕಾಲೇಜು ಮುಚ್ಚಿದ ಹೊತ್ತಿಗೆ, ನಡುರಾತ್ರಿಯಾದರೂ, 2022ರಲ್ಲಿ ಶುರುವಾದ ಸರಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಆ ಸಂಖ್ಯೆಯನ್ನು ನೋಟಿಸ್ ಬೋರ್ಡಿಗೆ ಅಂಟಿಸುವುದಕ್ಕಿಂತ ಹಾಸ್ಟೆಲಿನ ಪ್ರತಿ ಕೋಣೆಯ ಬಾಗಿಲ ಒಳಬದಿಗೆ ಅಂಟಿಸಲಿ. ಬರೆದುಕೊಳ್ಳುವುದನ್ನು ಯಾರೂ ನೋಡುವುದಿಲ್ಲ.