ಮಾಡಿದವರು, ಮಾಡಿಸಿದವರು

ಬಹುರಾಷ್ಟ್ರೀಯ ಕಂಪನಿ ಹೊರದೇಶದಲ್ಲಿ ಕಟ್ಟುವ ಅಂಗಸಂಸ್ಥೆ ಕಾನೂನಿನ ಕಣ್ಣಿಗೆ ಬೇರೆಯೇ ಒಬ್ಬ ವ್ಯಕ್ತಿ. ಆಸ್ತಿ, ಸಾಲ, ವ್ಯಾಜ್ಯ ಎಲ್ಲವೂ ಅದರ ಹೆಸರಿನಲ್ಲೇ ಇರುತ್ತವೆ. ಕಂಪನಿ ಬೇರೆ, ಷೇರುದಾರ ಬೇರೆ ಎಂಬ ಈ ತತ್ವವನ್ನು ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1897ರ ಸಾಲೊಮನ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಆದರೆ ಅಂಗಸಂಸ್ಥೆಯಿಂದ ಕೇಡಾದಾಗ ಮಾತೃಸಂಸ್ಥೆಯ ನೈತಿಕ ಹೊಣೆಯೂ ಹೀಗೆಯೇ ಕಳಚಿಹೋಗುತ್ತದೆಯೇ?

ಸಾಮಾನ್ಯವಾಗಿ ನಿರ್ದೇಶಕರ ನೇಮಕ, ಬಜೆಟ್ಟಿನ ಮಂಜೂರಾತಿ, ದೊಡ್ಡ ಹೂಡಿಕೆ, ತಂತ್ರಜ್ಞಾನದ ಆಯ್ಕೆ ಕೇಂದ್ರ ಕಚೇರಿಯ ಕೈಯಲ್ಲಿರುತ್ತವೆ. ದಿನನಿತ್ಯದ ಉತ್ಪಾದನೆ, ಮಾರಾಟ, ಕೆಲಸಗಾರರ ನೇಮಕಾತಿ ಸ್ಥಳೀಯರಿಗೆ ಬಿಟ್ಟದ್ದು. ಅಮೆರಿಕದ ತತ್ವಜ್ಞಾನಿ ಪೀಟರ್ ಫ್ರೆಂಚ್ 1979ರಲ್ಲಿ, ತೀರ್ಮಾನ ಕೈಗೊಳ್ಳುವ ಆಂತರಿಕ ವ್ಯವಸ್ಥೆ ಇರುವುದರಿಂದಲೇ ಕಂಪನಿಯನ್ನು ನೈತಿಕ ವ್ಯಕ್ತಿಯೆಂದು ಪರಿಗಣಿಸಬಹುದು ಎಂದು ವಾದಿಸಿದರು. ಈ ವಾದವನ್ನು ಒಪ್ಪಿದರೆ, ತೀರ್ಮಾನ ಎಲ್ಲಿ ಆಗುತ್ತದೋ ಹೊಣೆಯೂ ಅಲ್ಲಿಗೆ ಸಲ್ಲುತ್ತದೆ.

ಭಾರತೀಯ ಚಿಂತನೆ ಇದನ್ನು ಇನ್ನಷ್ಟು ಸೂಕ್ಷ್ಮವಾಗಿ ಬಿಡಿಸಿಟ್ಟಿದೆ. ಪತಂಜಲಿಯ ಯೋಗಸೂತ್ರ ಮತ್ತು ಜೈನರ ತತ್ವಾರ್ಥಸೂತ್ರ ಎರಡೂ ಕೃತ್ಯವನ್ನು ಮೂರು ಬಗೆಯಾಗಿ ಕಾಣುತ್ತವೆ: ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಇತರರು ಮಾಡಿದ್ದನ್ನು ಅನುಮೋದಿಸಿದ್ದು. ಮಾಡಿಸಿದವನಿಗೆ ದೋಷ ತಗುಲುತ್ತದೆ ಎಂದ ಮಾತ್ರಕ್ಕೆ ಮಾಡಿದವನು ಪಾರಾಗುವುದಿಲ್ಲ.

ಭೋಪಾಲ್ ದುರಂತ ಈ ವಿಂಗಡಣೆಗೆ ಒರೆಗಲ್ಲು. ಯೂನಿಯನ್ ಕಾರ್ಬೈಡ್ ಇಂಡಿಯಾದ ಶೇ. 50.9ರಷ್ಟು ಷೇರುಗಳು ಅಮೆರಿಕದ ಮಾತೃಸಂಸ್ಥೆಯ ಬಳಿ ಇದ್ದವು. 1982ರಲ್ಲಿ ಅಮೆರಿಕದಿಂದ ಬಂದ ತಂಡವೊಂದು ಅದರ ಭೋಪಾಲ್ ಕಾರ್ಖಾನೆಯನ್ನು ಪರಿಶೀಲಿಸಿ ಸುರಕ್ಷತೆಯ ಲೋಪಗಳನ್ನು ಪಟ್ಟಿ ಮಾಡಿತ್ತು. 1984ರ ಡಿಸೆಂಬರ್ 2ರ ರಾತ್ರಿ ಮೀಥೈಲ್ ಐಸೊಸಯನೇಟ್ ಎಂಬ ವಿಷರಾಸಾಯನಿಕ ಸೋರಿದಾಗ, ಆ ದ್ರವವನ್ನು ತಣ್ಣಗಿಡಬೇಕಿದ್ದ ಶೈತ್ಯೀಕರಣ ಘಟಕ ತಿಂಗಳುಗಳಿಂದ ನಿಂತಿತ್ತು. ಸಾವಿರಾರು ಜನ ಸತ್ತರು. ಭಾರತದ ಸಂಸ್ಥೆ ಸ್ವತಂತ್ರ, ಅದರ ಆಡಳಿತ ಭಾರತೀಯರದ್ದು ಎಂಬುದು ಮಾತೃಸಂಸ್ಥೆಯ ವಾದವಾಗಿತ್ತು. 1989ರಲ್ಲಿ 47 ಕೋಟಿ ಡಾಲರ್‌ಗೆ ಪರಿಹಾರದ ವ್ಯಾಜ್ಯ ಇತ್ಯರ್ಥವಾಯಿತು. 2010ರಲ್ಲಿ ಭೋಪಾಲ್ ನ್ಯಾಯಾಲಯ ಭಾರತೀಯ ಅಧಿಕಾರಿಗಳಿಗೆ ಶಿಕ್ಷೆ ವಿಧಿಸಿತು; ಅಮೆರಿಕದ ಸಂಸ್ಥೆ ಆ ಕ್ರಿಮಿನಲ್ ವಿಚಾರಣೆಗೆ ಹಾಜರಾಗಲೇ ಇಲ್ಲ.

ಪ್ರತ್ಯೇಕತೆಯ ತತ್ವಕ್ಕೂ ಅರ್ಥವಿದೆ. ನಷ್ಟಕ್ಕೆ ಮಿತಿಯಿಲ್ಲದಿದ್ದರೆ ದೂರದೇಶದಲ್ಲಿ ಬಂಡವಾಳ ಹೂಡಲು ಯಾರೂ ಮುಂದಾಗುವುದಿಲ್ಲ. ಕೇಂದ್ರ ಕಚೇರಿಗೆ ತಿಳಿಯದೆ ಸ್ಥಳೀಯರು ಎಸಗುವ ತಪ್ಪುಗಳೂ ಉಂಟು. ಆದ್ದರಿಂದ ಹೊಣೆಯನ್ನು ಅಳೆಯಬೇಕಾದದ್ದು ಷೇರಿನ ಪ್ರಮಾಣದಿಂದಲ್ಲ. ಅಪಾಯ ಗೊತ್ತಿತ್ತೇ, ತಡೆಯುವ ಅಧಿಕಾರವಿತ್ತೇ, ಲಾಭ ಯಾರಿಗೆ ಸಂದಿತು ಎಂಬುದರಿಂದ. ಕಾನೂನೂ ಈ ದಿಕ್ಕಿಗೆ ಹೊರಳುತ್ತಿದೆ. ಜಾಂಬಿಯಾದ ತಾಮ್ರದ ಗಣಿಯಿಂದ ನೀರು ಕಲುಷಿತವಾಯಿತೆಂದು ದೂರಿದ ಹಳ್ಳಿಗರಿಗೆ, ಮಾತೃಸಂಸ್ಥೆ ವೇದಾಂತದ ಮೇಲೆ ಲಂಡನ್ನಿನಲ್ಲಿ ದಾವೆ ಮುಂದುವರಿಸಲು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2019ರಲ್ಲಿ ಅವಕಾಶ ನೀಡಿತು. ಅಂಗಸಂಸ್ಥೆಗಳ ಮೇಲ್ವಿಚಾರಣೆ ತನ್ನದೆಂದು ಸಾರಿಕೊಂಡ ಕಂಪನಿ, ಆ ಕೆಲಸ ಮಾಡದಿದ್ದುದಕ್ಕೂ ಉತ್ತರ ಹೇಳಬೇಕಾಗಬಹುದು ಎಂದಿತು.

ಲಾಭಾಂಶ ಗಡಿ ದಾಟಿ ಮಾತೃಸಂಸ್ಥೆಗೆ ತಲುಪುತ್ತದೆಂದ ಮೇಲೆ ಹೊಣೆಯೂ ಅದೇ ದಾರಿಯಲ್ಲಿ ತಲುಪಬೇಕಾದದ್ದು ನ್ಯಾಯ.